ಡಿಸ್ಕೋ ದೀವಾನೆ, 1981: ಆ ಎಲ್‌ಪಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಾಕಿಸ್ತಾನದ ಅಕ್ಕ ತಮ್ಮ ನಾಜಿಯಾ ಹಸನ್, ಜೊಹೇಬ್ ಹಸನ್ ಹಾಡಿದ ಈ ಪಾಪ್ ಆಲ್ಬಮ್ ಬಗ್ಗೆ ಮಾತು ಬಂದಾಗೆಲ್ಲ ಜನ ಹೆಚ್ಚು ಕಡಿಮೆ ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಕೆಲವರು ಹಾಡು ಕೇಳಿ ಕೇಳುತ್ತಾರೆ, ಕೆಲವರಿಗೆ ಮನೆಯ ಅಟ್ಟದಲ್ಲಿ ಅದರ ಎಲ್‌ಪಿ, ಅಂದರೆ ಆ ದೊಡ್ಡ ಕಪ್ಪು ರೆಕಾರ್ಡ್, ಸಿಕ್ಕಿರುತ್ತದೆ, ಇನ್ನು ಕೆಲವರಿಗೆ ಬೆಂಗಳೂರಿನ ನಂಟು ಏನು ಅಂತ ಕುತೂಹಲ. ಎಲ್ಲವನ್ನೂ ಒಂದು ಕಡೆ ಸೇರಿಸಿದ್ದೇನೆ. ಏನೂ ಗೊತ್ತಿಲ್ಲದವರು ಮೇಲಿನಿಂದ ಓದಿ. ರೆಕಾರ್ಡ್ ಕೈಯಲ್ಲಿ ಹಿಡಿದುಕೊಂಡೇ ಬಂದವರು ಸೀದಾ ಮೂರನೇ ಭಾಗಕ್ಕೆ ಹೋಗಬಹುದು.

## ಮೊದಲ ಸಲ ಕೇಳುವವರಿಗೆ

"ಡಿಸ್ಕೋ ದೀವಾನೆ ಅಂದ್ರೆ ಆ ಕಾಲೇಜ್ ಸಿನಿಮಾದ ಹಾಡು ಅಲ್ವಾ? ಹಳೇ ಆಲ್ಬಮ್ ಅಂತೀರಲ್ಲ?"

2012ರ ‘ಸ್ಟೂಡೆಂಟ್ ಆಫ್ ದಿ ಇಯರ್’ ಸಿನಿಮಾದಲ್ಲಿ ಕೇಳಿದ್ದೀರಿ. ಅಲ್ಲಿ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಹಳೆಯ ಹಾಡನ್ನು ತೆಗೆದುಕೊಂಡು ಹೊಸದಾಗಿ ಕಟ್ಟಿದರು. ಮಧ್ಯೆ ಬರುವ ಹುಡುಗಿಯ ದನಿ ನಾಜಿಯಾ ಅವರದ್ದೇ, 1981ರ ರೆಕಾರ್ಡಿಂಗ್‌ನಿಂದಲೇ ಎತ್ತಿದ್ದು. ಆ ಸಿನಿಮಾ ಬರುವಾಗ ಅವರು ತೀರಿಕೊಂಡು 12 ವರ್ಷ ಆಗಿತ್ತು.

ಮೂಲದ ‘ಡಿಸ್ಕೋ ದೀವಾನೆ’ ಯಾವ ಸಿನಿಮಾದ್ದೂ ಅಲ್ಲ. ಅದನ್ನೇ ಜನ ಮರೆಯುವುದು. ಹೀರೋ ಇಲ್ಲ, ಹೀರೋಯಿನ್ ಇಲ್ಲ, ಕಥೆ ಇಲ್ಲ, ಥಿಯೇಟರಿನಲ್ಲಿ ಜಾಹೀರಾತು ಇಲ್ಲ. ಬರೀ ಒಂದು ಎಲ್‌ಪಿ, ಅದರ ಮೇಲೆ ಅಕ್ಕ ತಮ್ಮ ಇಬ್ಬರ ಹೆಸರು. ಭಾರತದಲ್ಲಿ ಎಚ್‌ಎಂವಿ ರೆಕಾರ್ಡ್ ಕಂಪನಿ ಹೊರತಂದಿತು. ಭಾರತ, ಪಾಕಿಸ್ತಾನ ಎರಡೂ ಕಡೆ ಜನ ಮುಗಿಬಿದ್ದು ಕೊಂಡರು. ಸಿನಿಮಾ ಹಾಡೇ ಎಲ್ಲ ಅನ್ನುವ ಕಾಲದಲ್ಲಿ ಇದು ಸಣ್ಣ ಮಾತಲ್ಲ.

"ನಮ್ಮಮ್ಮ ನಾಜಿಯಾ ಅಂದ್ರೆ ‘ಆಪ್ ಜೈಸಾ ಕೋಯಿ ಹಾಡಿದ ಹುಡುಗಿ’ ಅಂತಾರೆ. ಅವರೇನಾ ಇವರು?"

ಅವರೇ. 1980ರ ‘ಕುರ್ಬಾನಿ’ ಸಿನಿಮಾದಲ್ಲಿ ಜೀನತ್ ಅಮಾನ್ ಅವರಿಗೆ ಹಾಡಿದ್ದು. ಆ ಸಿನಿಮಾದ ಬೇರೆ ಹಾಡುಗಳಿಗೆ ಕಲ್ಯಾಣ್‌ಜಿ ಆನಂದ್‌ಜಿ ಸಂಗೀತ ಕೊಟ್ಟಿದ್ದರು, ಇದೊಂದು ಹಾಡು ಮಾತ್ರ ಲಂಡನ್‌ನಿಂದ ಬಂತು. ನಾಜಿಯಾ ಹುಟ್ಟಿದ್ದು ಕರಾಚಿಯಲ್ಲಿ, 1965ರ ಏಪ್ರಿಲ್ 3ರಂದು. ಅಂದರೆ ಆ ಹಾಡು ಊರೆಲ್ಲ ಹಬ್ಬಿದಾಗ ಅವರಿಗೆ 15 ವರ್ಷ. ಅದಕ್ಕೆ ಫಿಲ್ಮ್‌ಫೇರ್ ಅತ್ಯುತ್ತಮ ಹಿನ್ನೆಲೆ ಗಾಯಕಿ ಪ್ರಶಸ್ತಿಯೂ ಬಂತು. ಅದರ ಮರುವರ್ಷವೇ ಈ ಆಲ್ಬಮ್. ತಮ್ಮ ಜೊಹೇಬ್ ಅವರಿಗೂ ಆಗ ಇನ್ನೂ ಮೀಸೆ ಚಿಗುರುವ ವಯಸ್ಸು.

"ಇದಕ್ಕೂ ಬೆಂಗಳೂರಿಗೂ ಏನೋ ಸಂಬಂಧ ಅಂತಾರಲ್ಲ, ನಿಜಾನಾ ಸುಮ್ನೆ ಹೇಳೋದಾ?"

ನಿಜ, ಮತ್ತು ನಾವು ಇದನ್ನು ಇನ್ನೂ ಜೋರಾಗಿ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಈ ಆಲ್ಬಮ್‌ನ ಸಂಗೀತದ ಹಿಂದೆ ಇರುವವರು ಬಿದ್ದು ಅಪ್ಪಯ್ಯ. ಕೊಡವ ಮನೆತನದವರು, ಹುಟ್ಟಿ ಬೆಳೆದಿದ್ದು ಬೆಂಗಳೂರಿನಲ್ಲಿ, ಓದಿದ್ದು ಬಿಷಪ್ ಕಾಟನ್ ಶಾಲೆಯಲ್ಲಿ. ಗೆಳೆಯರ ಜೊತೆ ಟ್ರೋಜನ್ಸ್ ಅಂತ ಬ್ಯಾಂಡ್ ಕಟ್ಟಿಕೊಂಡು ಗಿಟಾರ್ ಹಿಡಿದು ಇಂಗ್ಲಿಷ್ ಹಾಡು ಹಾಡುತ್ತಿದ್ದರು. ಬ್ಯಾಂಡ್ ಚದುರಿದ ಮೇಲೆ ಒಬ್ಬರೇ ‘ಲೋನ್ ಟ್ರೋಜನ್’ ಅನ್ನುವ ಹೆಸರಿನಲ್ಲಿ ಹಾಡಿದರು. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋದರು. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ಅವರ ನಿರ್ಮಾಣದಲ್ಲಿ ಬಂದು ಬ್ರಿಟನ್, ಅಮೆರಿಕ ಎರಡೂ ಕಡೆ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದು ಇನ್ನೊಂದು ಹಾಡಿನ ರೆಕಾರ್ಡಿನ ಹಿಂಬದಿಗೆ ಇರಲಿ ಅಂತ, ಸ್ಟುಡಿಯೋ ಸಮಯ ಮುಗಿಯುವ ಹೊತ್ತಿಗೆ ಗಡಿಬಿಡಿಯಲ್ಲಿ ಮಾಡಿದ ಹಾಡು! 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ ‘ಐ ಲವ್ ಟು ಲವ್’ ಕೂಡ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಮುಟ್ಟಿತು.

ಇನ್ನೊಬ್ಬರೂ ಇದ್ದಾರೆ. ನಾಜಿಯಾ ಅವರನ್ನು ಲಂಡನ್ನಿನಲ್ಲಿ ಕಂಡು ಬಿದ್ದು ಅವರ ಬಳಿಗೆ ಕಳಿಸಿದ್ದು ‘ಕುರ್ಬಾನಿ’ಯ ನಟ, ನಿರ್ದೇಶಕ ಫಿರೋಜ್ ಖಾನ್. ಅವರೂ ಬೆಂಗಳೂರಿನಲ್ಲೇ ಹುಟ್ಟಿದವರು, 2009ರಲ್ಲಿ ಕೊನೆಯುಸಿರೆಳೆದಿದ್ದೂ ಇಲ್ಲೇ. ಹಾಗಾಗಿ ಕರಾಚಿಯ ಹುಡುಗಿ, ಲಂಡನ್ನಿನ ಸ್ಟುಡಿಯೋ, ನಡುವೆ ಇಬ್ಬರು ಬೆಂಗಳೂರಿನವರು.

"ನಂಗೆ ಉರ್ದು ಬರಲ್ಲ, ಹಿಂದಿನೂ ಅಷ್ಟಕ್ಕಷ್ಟೇ. ಕೇಳಿ ಏನು ಪ್ರಯೋಜನ?"

ಧಾರಾಳವಾಗಿ ಕೇಳಿ. ಗಜಲ್‌ಗಳಲ್ಲಿ ಬರುವಂಥ ಕಷ್ಟದ ಉರ್ದು ಇಲ್ಲಿಲ್ಲ. ರಾತ್ರಿ, ಕನಸು, ಹೃದಯ, ಬಾ, ಹೋಗಬೇಡ ಇಷ್ಟೇ. ಸಿನಿಮಾ ಹಾಡು ಕೇಳಿ ಬೆಳೆದ ಯಾರಿಗಾದರೂ ಮುಕ್ಕಾಲು ಪಾಲು ತಾನಾಗೇ ಗೊತ್ತಾಗುತ್ತದೆ. ಟೈಟಲ್ ಹಾಡಿನ ಅರ್ಧ ಜೀವ ಇರುವುದೇ ಸಾಲು ಮುಗಿದ ಮೇಲೆ ಬರುವ ಆ ‘ಆಹಾ’ದಲ್ಲಿ.

## ಹಾಡುಗಳ ಬಗ್ಗೆ

"ಟೈಟಲ್ ಹಾಡು ಬಿಟ್ರೆ ಬೇರೆ ಏನಿದೆ ಅದ್ರಲ್ಲಿ? ಯಾವುದರಿಂದ ಶುರು ಮಾಡ್ಲಿ?"

ಈ ಪ್ರಶ್ನೆಗೆ ಉತ್ತರ ಹೇಳಬೇಕು ಅಂತಲೇ ಇಷ್ಟೆಲ್ಲ ಬರೆಯುತ್ತಿದ್ದೇನೆ. ಟೈಟಲ್ ಹಾಡು ಎಲ್ಲರಿಗೂ ಗೊತ್ತು, ಆದರೆ ಈ ಆಲ್ಬಮ್ ನಿಜವಾಗಿ ಉಳಿದಿರುವುದು ನಿಧಾನದ ಹಾಡುಗಳಲ್ಲಿ. ಡಿಸ್ಕೋ ಅನ್ನುವ ಹೆಸರು ನೋಡಿ ಎಲ್ಲ ಹಾಡೂ ಕುಣಿಯುವಂಥದ್ದು ಅಂದುಕೊಂಡು ಜನ ಎರಡನೇದಕ್ಕೇ ನಿಲ್ಲಿಸಿಬಿಡುತ್ತಾರೆ. ಅಲ್ಲೇ ನಷ್ಟ.

ಮೊದಲು ‘ಲೇಕಿನ್ ಮೇರಾ ದಿಲ್’ ಹಾಕಿ. ಅಳುವ ಹೃದಯದ ಹಾಡು ಅದು, ಆದರೆ ಹಾಡುವವರು ಅಳುವುದಿಲ್ಲ. ನಮ್ಮ ಸಿನಿಮಾಗಳಲ್ಲಿ ಇಂಥ ಹಾಡು ಬಂದರೆ ದನಿ ನಡುಗಬೇಕು, ಒಂದು ಬಿಕ್ಕು ಬರಬೇಕು, ಪಿಟೀಲುಗಳು ಮೇಲೇರಬೇಕು. ಇಲ್ಲಿ ನಾಜಿಯಾ ನೇರವಾಗಿ, ಹೆಚ್ಚು ಕಡಿಮೆ ಮಾತಾಡಿದ ಹಾಗೆ ಹಾಡಿಕೊಂಡು ಹೋಗುತ್ತಾರೆ. ಸಾಲಿನ ಕೊನೆಯಲ್ಲಿ ಸ್ವರವನ್ನು ಎಳೆಯುವುದಿಲ್ಲ, ಬಿಟ್ಟುಬಿಡುತ್ತಾರೆ. ಹದಿನಾರರ ಹುಡುಗಿ ಬೇಜಾರನ್ನು ಯಾರಿಗೂ ತೋರಿಸಬಾರದು ಅಂತ ಗಟ್ಟಿ ಮಾಡಿಕೊಂಡು ಹೇಳಿದರೆ ಹೇಗಿರುತ್ತದೋ ಹಾಗೇ ಇದೆ.

ಆಮೇಲೆ ‘ಕೋಮಲ್’, ‘ದಿಲ್ ಮೇರಾ’. ಆಮೇಲೆ ‘ಆಓ ನಾ’. ಇಷ್ಟಾದ ಮೇಲೆ ಟೈಟಲ್ ಹಾಡಿಗೆ ಬನ್ನಿ. ಆ ಹುಡುಗಿಯನ್ನು ಪರಿಚಯ ಮಾಡಿಕೊಂಡ ಮೇಲೆ ಅದೇ ಹಾಡು ಬೇರೆ ಥರ ಕೇಳಿಸುತ್ತದೆ. ಒಂದು ಸಲ ಹೀಗೆ ಕೇಳಿದ ಮೇಲೆ, ಎರಡನೇ ಸಲ ರೆಕಾರ್ಡಿನಲ್ಲಿ ಇರುವ ಕ್ರಮದಲ್ಲೇ ಪೂರ್ತಿ ಕೇಳಿ.

"ಅವರ ದನಿ ಮೂಗಿನಲ್ಲಿ ಹಾಡಿದ ಹಾಗಿದೆ. ಸಂಗೀತ ಕಲಿತವರ ಥರ ಇಲ್ಲ. ಇಷ್ಟೊಂದು ಹೊಗಳೋದು ಯಾಕೆ?"

ದನಿ ಮೂಗಿನದ್ದೇ, ಒಪ್ಪುತ್ತೇನೆ. ಗಮಕ ಇಲ್ಲ, ಆಲಾಪ ಇಲ್ಲ, ಎತ್ತರದ ಸ್ಥಾಯಿಗೆ ಹೋಗುವ ಸಾಹಸವೂ ಇಲ್ಲ. ಆದರೆ 1980ರಲ್ಲಿ ಹಿಂದಿ ಸಿನಿಮಾದ ಹೆಣ್ಣುದನಿ ಅಂದರೆ ಬಹುಪಾಲು ಲತಾ, ಆಶಾ ಇಬ್ಬರೇ. ಇಬ್ಬರೂ ದೊಡ್ಡ ಕಲಾವಿದೆಯರು. ಅವರ ದನಿಯಲ್ಲಿ ಪಳಗಿದ ಹೆಂಗಸೊಬ್ಬಳು ಕಾಣುತ್ತಾಳೆ. ನಾಜಿಯಾ ದನಿಯಲ್ಲಿ ಪಕ್ಕದ ಮನೆ ಹುಡುಗಿ ಸಿಗುತ್ತಾಳೆ. ಶಾಲೆಗೆ ಹೋಗುವ, ರೇಡಿಯೋ ಜೊತೆ ಹಾಡಿಕೊಳ್ಳುವ ಹುಡುಗಿಯರಿಗೆ ‘ಇದು ನನ್ನ ದನಿ ಥರಾನೇ ಇದೆ’ ಅಂತ ಅನ್ನಿಸಿದ್ದು ಇವರನ್ನು ಕೇಳಿಯೇ. ಪಾಪ್ ಸಂಗೀತಕ್ಕೆ ಬೇಕಾದ್ದೂ ಅದೇ.

ಬಿದ್ದು ಅವರ ಜಾಣತನವನ್ನೂ ಹೇಳಬೇಕು. ಆ ದನಿಗೆ ಆಗದ್ದನ್ನು ಅವರು ಎಲ್ಲೂ ಕೇಳಿಲ್ಲ. ರಾಗಗಳೆಲ್ಲ ಕಿರಿದಾದ ಸ್ವರಗಳ ನಡುವೆಯೇ ಓಡಾಡುತ್ತವೆ. ಎತ್ತರ ಬೇಕಾದ ಕಡೆ ಹಿಂದಿನ ಕೋರಸ್ಸೋ ವಾದ್ಯವೋ ಆ ಕೆಲಸ ಮಾಡುತ್ತದೆ.

"ಹೆಡ್‌ಫೋನ್ ಹಾಕಿ ಕೇಳಿದ್ರೆ ಒಂದೇ ದನಿ ಎರಡೆರಡು ಕೇಳಿಸತ್ತೆ. ರೆಕಾರ್ಡ್ ಹಾಳಾಗಿದೆಯಾ?"

ಇಲ್ಲ, ಬೇಕಂತಲೇ ಹಾಗೆ ಮಾಡಿರುವುದು. ಗಾಯಕಿ ಒಂದು ಸಲ ಹಾಡುತ್ತಾರೆ. ಆಮೇಲೆ ಅದನ್ನೇ ಕಿವಿಯಲ್ಲಿ ಕೇಳಿಕೊಂಡು ಇನ್ನೊಂದು ಸಲ ಅಷ್ಟೇ ನಿಖರವಾಗಿ ಹಾಡುತ್ತಾರೆ. ಎರಡನ್ನೂ ಒಂದರ ಮೇಲೊಂದು ಕೂರಿಸುತ್ತಾರೆ. ಎಷ್ಟೇ ಹುಷಾರಾಗಿ ಹಾಡಿದರೂ ಎರಡು ಸಲದ ಹಾಡುಗಾರಿಕೆ ಕೂದಲೆಳೆಯಷ್ಟು ಹಿಂದೆ ಮುಂದೆ ಆಗೇ ಆಗುತ್ತದೆ. ಆ ಸಣ್ಣ ವ್ಯತ್ಯಾಸದಿಂದಲೇ ದನಿ ದಪ್ಪ ಆಗಿ, ಹೊಳಪು ಬಂದು, ಡ್ರಮ್ಮಿನ ಮುಂದೆ ನಿಲ್ಲುತ್ತದೆ.

ಪರೀಕ್ಷೆ ಮಾಡಬೇಕಾದರೆ ‘ಸ’, ‘ಶ’, ‘ಚ’ ಬರುವ ಕಡೆ ಕಿವಿ ಕೊಡಿ. ಸ್ವರಗಳು ಒಂದಕ್ಕೊಂದು ಬೆರೆತುಹೋಗುತ್ತವೆ, ಆದರೆ ಈ ಅಕ್ಷರಗಳಲ್ಲಿ ಎರಡು ನಾಲಿಗೆ ಬೇರೆ ಬೇರೆ ಸಿಕ್ಕಿಬೀಳುತ್ತವೆ. ಒಂದು ‘ಸ್’ ಬಂದ ಕ್ಷಣದ ನಂತರ ಇನ್ನೊಂದು ‘ಸ್’. ಆಗ ನಮ್ಮಲ್ಲಿ ಸಿನಿಮಾ ಹಾಡು ಅಂದರೆ ಗಾಯಕರು, ವಾದ್ಯದವರು ಎಲ್ಲರೂ ಒಟ್ಟಿಗೆ ಕೂತು ಒಂದೇ ಏಟಿಗೆ ಮುಗಿಸುವ ಪದ್ಧತಿಯೇ ಜಾಸ್ತಿ. ಲಂಡನ್ನಿನಲ್ಲಿ ಡ್ರಮ್ ಬೇರೆ, ಬೇಸ್ ಬೇರೆ, ದನಿ ಬೇರೆ, ಒಂದೊಂದನ್ನೂ ಪ್ರತ್ಯೇಕ ಟ್ರ್ಯಾಕಿನಲ್ಲಿ ಇಟ್ಟು ನಿಧಾನಕ್ಕೆ ಕಟ್ಟುವ ಅನುಕೂಲ ಇತ್ತು. ಈ ಆಲ್ಬಮ್ ಕೇಳಿದ ತಕ್ಷಣ ‘ಏನೋ ಬೇರೆ ಥರ ಇದೆಯಲ್ಲ’ ಅಂತ ಆ ಕಾಲದವರಿಗೆ ಅನಿಸಿದ್ದಕ್ಕೆ ಅರ್ಧ ಕಾರಣ ಇದೇ.

"ಜೊಹೇಬ್‌ನ ಸುಮ್ನೆ ತಮ್ಮ ಅಂತ ಸೇರಿಸಿಕೊಂಡ್ರಾ?"

ಹಾಗೆ ಹೇಳುವವರು ಆಲ್ಬಮ್ ಪೂರ್ತಿ ಕೇಳಿಲ್ಲ ಅನಿಸುತ್ತದೆ. ‘ತೇರೆ ಕದಮೋಂ ಕೋ’ ಕೇಳಿ. ದನಿ ಇನ್ನೂ ಎಳೆಯದು, ಆದರೆ ಅದರಲ್ಲಿ ಒಂದು ತವಕ ಇದೆ. ಅಕ್ಕನ ದನಿ ತಣ್ಣಗಿದ್ದರೆ ಇವರದ್ದು ಬೆಚ್ಚಗೆ. ಇಡೀ ಎಲ್‌ಪಿ ಒಂದೇ ದನಿಯಲ್ಲಿ ಇದ್ದಿದ್ದರೆ ಇಷ್ಟು ಹಿಡಿಸುತ್ತಿರಲಿಲ್ಲ. ಮುಂದಿನ ಆಲ್ಬಮ್‌ಗಳಲ್ಲೂ ಇಬ್ಬರೂ ಜೊತೆಯಾಗೇ ಇದ್ದರು.

"ಎಷ್ಟಾದ್ರೂ ಇದು ಪಾಶ್ಚಾತ್ಯ ಡಿಸ್ಕೋದ ನಕಲು ತಾನೇ?"

ಇದಕ್ಕೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. 1974ರಲ್ಲಿ, ಡಿಸ್ಕೋ ಇನ್ನೂ ಕಣ್ಣು ಬಿಡುತ್ತಿದ್ದಾಗಲೇ, ಅದರ ದೊಡ್ಡ ಹಾಡುಗಳಲ್ಲಿ ಒಂದನ್ನು ಮಾಡಿದವರು ಬಿದ್ದು. ಆ ಸಂಗೀತವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ತಾವೇ ಕಟ್ಟಿದ್ದನ್ನು ಅವರು ಮತ್ತೆ ನಮ್ಮ ಭಾಷೆಗಳಿಗೆ ತಂದರೆ ಅದನ್ನು ನಕಲು ಅನ್ನುವುದು ಹೇಗೆ?

ಕಾಲವನ್ನೂ ನೋಡಿ. 1979ರ ಜುಲೈ 12ರಂದು ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದರು, ಜನ ಮೈದಾನಕ್ಕೆ ನುಗ್ಗಿ ಗಲಾಟೆಯಾಯಿತು. ಅಮೆರಿಕದಲ್ಲಿ ಡಿಸ್ಕೋ ಮುಗಿಯಿತು ಅಂತ ಬರೆದರು. ನಮ್ಮಲ್ಲಿ ಅದರ ಮರುವರ್ಷ ‘ಕುರ್ಬಾನಿ’, ಅದರ ಮುಂದಿನ ವರ್ಷ ಈ ಆಲ್ಬಮ್. 1982ರಲ್ಲಿ ಚರಣ್‌ಜಿತ್ ಸಿಂಗ್ ರಾಗಗಳನ್ನು ಸಿಂಥಸೈಜರಿನಲ್ಲಿ ಡಿಸ್ಕೋ ತಾಳಕ್ಕೆ ಕೂರಿಸಿದ ಎಲ್‌ಪಿ ಬಂತು. ಅಲ್ಲಿ ಬೇಡವಾಗಿದ್ದು ಇಲ್ಲಿ ಹೊಸ ಬೇರು ಬಿಟ್ಟಿತು.

"ಆಗ ಕನ್ನಡದಲ್ಲಿ ಇಂಥದ್ದು ಏನೂ ಇರ್ಲಿಲ್ವಾ?"

ಸಿನಿಮಾದ ಹೊರಗೆ ಇಷ್ಟು ದೊಡ್ಡ ಕನ್ನಡ ಪಾಪ್ ಆಲ್ಬಮ್ ಆಗ ಬರಲಿಲ್ಲ. ಸಿನಿಮಾ ಒಳಗೆ ಬಂತು. ಅದೇ 1981ರಲ್ಲಿ ಶಂಕರ್ ನಾಗ್ ಅವರ ‘ಗೀತಾ’. ಇಳಯರಾಜಾ ಸಂಗೀತ, ಚಿ. ಉದಯಶಂಕರ್ ಸಾಹಿತ್ಯ, ಎಸ್‌ಪಿಬಿ ದನಿಯಲ್ಲಿ ‘ಸಂತೋಷಕ್ಕೆ’. ಬೇಸ್ ಗಿಟಾರ್, ಡ್ರಮ್ಸ್, ಹಿತ್ತಾಳೆ ವಾದ್ಯಗಳ ಅಬ್ಬರ ಎಲ್ಲ ಇದೆ. ಎರಡನ್ನೂ ಒಂದಾದ ಮೇಲೊಂದು ಹಾಕಿ ಕೇಳಿ. ಇಳಯರಾಜಾ ಒಂದೇ ಹಾಡಿನಲ್ಲಿ ಹತ್ತು ತಿರುವು ತರುತ್ತಾರೆ. ಬಿದ್ದು ಒಂದು ತಾಳವನ್ನು ಹಿಡಿದು ಅದನ್ನು ಬಿಡುವುದೇ ಇಲ್ಲ. ನನಗೆ ಎರಡೂ ಬೇಕು.

## ರೆಕಾರ್ಡ್ ಹುಡುಕುವವರಿಗೆ, ಇಟ್ಟುಕೊಂಡವರಿಗೆ

"ಹಳೇ ಎಲ್‌ಪಿ ಎಲ್ಲಿ ಸಿಗತ್ತೆ? ಕೊಳ್ಳುವಾಗ ಏನು ನೋಡ್ಬೇಕು?"

ಬೆಂಗಳೂರಿನಲ್ಲಾದರೆ ಅವೆನ್ಯೂ ರಸ್ತೆ, ಬಿವಿಕೆ ಅಯ್ಯಂಗಾರ್ ರಸ್ತೆ ಕಡೆಯ ಸಂಡೇ ಬಜಾರ್ ಸುತ್ತಾಡಿ. ಮುಂಬೈಗೆ ಹೋದರೆ ಚೋರ್ ಬಜಾರ್, ಕೋಲ್ಕತ್ತಾದಲ್ಲಿ ಫ್ರೀ ಸ್ಕೂಲ್ ಸ್ಟ್ರೀಟ್. ಎಚ್‌ಎಂವಿ ರೆಕಾರ್ಡುಗಳನ್ನು ಅಚ್ಚು ಹಾಕುತ್ತಿದ್ದ ಕಾರ್ಖಾನೆ ಕೋಲ್ಕತ್ತಾದ ದಮ್‌ದಮ್‌ನಲ್ಲಿತ್ತು, ಅಲ್ಲಿಂದಲೇ ದೇಶಕ್ಕೆಲ್ಲ ಹೋಗುತ್ತಿದ್ದವು. ಮನೆಯ ಹಿರಿಯರನ್ನು ಕೇಳಿ ನೋಡುವುದನ್ನೂ ಮರೆಯಬೇಡಿ. ಎಷ್ಟೋ ಮನೆಗಳಲ್ಲಿ ಪ್ಲೇಯರ್ ಕೆಟ್ಟುಹೋಗಿದೆ, ರೆಕಾರ್ಡ್ ಹಾಗೇ ಇದೆ.

ನೋಡುವ ವಿಧಾನ ಹೀಗೆ. ಕವರ್ ಚೆನ್ನಾಗಿದೆ ಅಂತ ಮರುಳಾಗಬೇಡಿ. ರೆಕಾರ್ಡ್ ಹೊರಗೆ ತೆಗೆದು, ಅಂಚು ಮತ್ತು ನಡುವಿನ ಲೇಬಲ್ ಮಾತ್ರ ಮುಟ್ಟಿ, ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿಯಿರಿ. ಬೆಳಕು ಮೇಲ್ಮೈ ಮೇಲೆ ಜಾರುವ ಹಾಗೆ ನಿಧಾನಕ್ಕೆ ತಿರುಗಿಸಿ. ತೆಳ್ಳಗಿನ ಕೂದಲಿನಂಥ ಗೆರೆಗಳಿಗೆ ಹೆದರಬೇಕಾಗಿಲ್ಲ. ಉಗುರಿಗೆ ತಗಲುವಷ್ಟು ಆಳದ ಗೀರು ಇದ್ದರೆ ಅಲ್ಲಿ ಟಕ್ ಟಕ್ ಅಂತ ಬಂದೇ ಬರುತ್ತದೆ, ಪ್ಲೇಯರಿನ ಮುಳ್ಳು ಹಾರಿದರೂ ಹಾರಬಹುದು. ಕಪ್ಪು ಹೊಳಪು ಹೋಗಿ ಬೂದು ಬಣ್ಣ ತಿರುಗಿದ್ದರೆ ಸವೆದಿದೆ ಅಂತ ಅರ್ಥ.

ಆಮೇಲೆ ನಡುವಿನ ತೂತಿನ ಸುತ್ತ ನೋಡಿ. ಪ್ಲೇಯರಿನ ಕಡ್ಡಿಗೆ ತೂತು ಸಿಕ್ಕದೆ ಕೈ ತಡಕಾಡಿದಾಗ ಲೇಬಲ್ ಮೇಲೆ ಸಣ್ಣ ಸಣ್ಣ ಗೆರೆ ಬೀಳುತ್ತವೆ. ಆ ಗೆರೆ ಜಾಸ್ತಿ ಇದ್ದಷ್ಟೂ ರೆಕಾರ್ಡ್ ಜಾಸ್ತಿ ತಿರುಗಿದೆ. ಈ ಆಲ್ಬಮ್ ಮನೆ ಮನೆಯ ಪಾರ್ಟಿಗಳಲ್ಲಿ ಓಡಿದ್ದು, ಹಾಗಾಗಿ ಟೈಟಲ್ ಹಾಡು ಸವೆದು ಉಳಿದದ್ದು ಹೊಸದರ ಥರ ಇರುವ ಪ್ರತಿಗಳು ಸಿಗುತ್ತವೆ. ನನ್ನನ್ನು ಕೇಳಿದರೆ ಅಂಥದ್ದನ್ನು ಕೊಳ್ಳಿ. ಟೈಟಲ್ ಹಾಡು ಎಲ್ಲಿ ಬೇಕಾದರೂ ಸಿಗುತ್ತದೆ.

"ಅಪ್ಪನ ಕಾಲದ್ದು ಅಟ್ಟದಲ್ಲಿತ್ತು. ಬಿಳಿ ಬಿಳಿ ಬೂಷ್ಟು ಹಿಡಿದಿದೆ. ತೊಳೀಬಹುದಾ?"

ತೊಳೆಯಬಹುದು. ಮಲೆನಾಡು, ಕರಾವಳಿ ಮನೆಗಳಿಂದ ಬರುವ ರೆಕಾರ್ಡುಗಳಲ್ಲಿ ಬೂಷ್ಟು ಇರದಿದ್ದರೇ ಆಶ್ಚರ್ಯ. ಡಿಸ್ಟಿಲ್ಡ್ ನೀರು ತೆಗೆದುಕೊಳ್ಳಿ, ನಲ್ಲಿ ನೀರು ಬೇಡ, ಅದರಲ್ಲಿರುವ ಸುಣ್ಣದ ಅಂಶ ಹಾಡಿನ ಗೆರೆಗಳಲ್ಲಿ (ಮುಳ್ಳು ಓಡುವ ಜಾಡು) ಕೂತುಬಿಡುತ್ತದೆ. ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಸಾಕು. ಮೆತ್ತನೆ ಮೈಕ್ರೋಫೈಬರ್ ಬಟ್ಟೆಯಿಂದ ಗೆರೆಗಳ ಜಾಡಿನಲ್ಲೇ, ಸುತ್ತ ಸುತ್ತ ಒರೆಸಿ. ಅಡ್ಡಡ್ಡ ಉಜ್ಜಬೇಡಿ. ಲೇಬಲ್ ನೆನೆಯಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಿಂದ ಇನ್ನೊಂದು ಸಲ ತೊಳೆದು ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತದೆ, ಅದನ್ನು ಸರಿ ಮಾಡುವುದು ಬಹಳ ಕಷ್ಟ.

ಹಳೆಯ ಒಳಗಿನ ಕಾಗದದ ಚೀಲಕ್ಕೇ ವಾಪಸ್ ಹಾಕಬೇಡಿ, ಬೂಷ್ಟಿನ ಬೀಜ ಅದರಲ್ಲೇ ಇರುತ್ತದೆ. ಹೊಸ ಚೀಲ ತನ್ನಿ. ಒಂದರ ಮೇಲೊಂದು ಪೇರಿಸದೆ ಪುಸ್ತಕಗಳ ಹಾಗೆ ನೆಟ್ಟಗೆ ನಿಲ್ಲಿಸಿ.

ಅಟ್ಟದಲ್ಲಿ ಇದರ ಜೊತೆ ಭಾರದ, ಬಿದ್ದರೆ ಚೂರಾಗುವ 78ರ ವೇಗದ ತಟ್ಟೆಗಳೂ ಸಿಕ್ಕರೆ ಅವಕ್ಕೆ ಸ್ಪಿರಿಟ್ ಮಾತ್ರ ತಾಗಿಸಬೇಡಿ. ಅವು ಅರಗಿನಿಂದ ಮಾಡಿದವು, ಸ್ಪಿರಿಟ್ಟಿಗೆ ಕರಗುತ್ತವೆ.

"ಸೂಟ್‌ಕೇಸ್ ಥರ ಇರೋ ಕಡಿಮೆ ಬೆಲೆ ಪ್ಲೇಯರ್‌ನಲ್ಲಿ ಹಾಕಿದ್ರೆ ರೆಕಾರ್ಡ್ ಹಾಳಾಗತ್ತಾ?"

ಒಂದೆರಡು ಸಲಕ್ಕೆ ಏನೂ ಆಗುವುದಿಲ್ಲ. ದಿನಾ ಹಾಕಿದರೆ ಸವೆಯುತ್ತದೆ. ಒಳ್ಳೆಯ ಪ್ಲೇಯರಿನಲ್ಲಿ ಮುಳ್ಳು ಸುಮಾರು 2 ಗ್ರಾಂ ಭಾರದಲ್ಲಿ ಕೂರುತ್ತದೆ. ಇವುಗಳಲ್ಲಿ 5 ಗ್ರಾಂ ಆಸುಪಾಸು, ಮತ್ತು ಅದನ್ನು ಕಡಿಮೆ ಮಾಡಲು ಹಿಂದೆ ತೂಕದ ಬಿಲ್ಲೆಯೂ ಇರುವುದಿಲ್ಲ. ನಲವತ್ತು ವರ್ಷ ಬಾಳಿದ ರೆಕಾರ್ಡನ್ನು ಇವುಗಳ ಕೈಗೆ ಕೊಡುವ ಮುಂಚೆ ಸ್ವಲ್ಪ ಯೋಚಿಸಿ. ಭಾರ ಹೊಂದಿಸಬಹುದಾದ ಹಳೆಯ ಪ್ಲೇಯರ್ ರಿಪೇರಿ ಮಾಡಿಸಿ ಹೊಸ ಮುಳ್ಳು ಹಾಕಿಸುವುದು ಎಷ್ಟೋ ವಾಸಿ.

"ಬದಿ ಮುಗಿಯುವ ಹೊತ್ತಿಗೆ ಸೌಂಡ್ ಒಡೆದ ಹಾಗಾಗತ್ತೆ. ಎರಡೂ ಬದಿಯಲ್ಲೂ ಅಷ್ಟೇ. ಯಾಕೆ?"

ರೆಕಾರ್ಡ್ ನಿಮಿಷಕ್ಕೆ ಮೂವತ್ತಮೂರೂ ಚಿಲ್ಲರೆ ಸುತ್ತು ಒಂದೇ ವೇಗದಲ್ಲಿ ತಿರುಗುತ್ತದೆ. ಆದರೆ ಹೊರ ಅಂಚಿನ ಸುತ್ತು ದೊಡ್ಡದು, ಲೇಬಲ್ ಹತ್ತಿರದ ಸುತ್ತು ಚಿಕ್ಕದು. ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಓಡುತ್ತದೆ. ಒಳಗೆ ಬಂದಾಗ ಸುಮಾರು 21 ಸೆಂಟಿಮೀಟರ್ ಅಷ್ಟೇ. ಅದೇ ಒಂದು ಸೆಕೆಂಡಿನ ಹಾಡು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿ ಕೂರಬೇಕು. ‘ಸ’ಕಾರ, ತಾಳದ ಚಿಣ್ ಚಿಣ್ ಇಂಥ ಸಣ್ಣ ಸದ್ದುಗಳ ತಿರುವನ್ನು ದಪ್ಪ ಮುಳ್ಳು ಹಿಂಬಾಲಿಸಲಾರದೆ ಒಡೆದ ಸದ್ದು ಬರುತ್ತದೆ. ಎರಡು ದನಿ ಪೇರಿಸಿದ ಹಾಡುಗಳಲ್ಲಿ ಇದು ಇನ್ನೂ ಬೇಗ ಗೊತ್ತಾಗುತ್ತದೆ. ಅಂಡಾಕಾರದ ಸಣ್ಣ ತುದಿ ಇರುವ ಮುಳ್ಳು ಹಾಕಿ, ಅದು ಕೂರುವ ಕೋನ ಸರಿ ಮಾಡಿಸಿದರೆ ಬಹಳ ಸುಧಾರಿಸುತ್ತದೆ.

"ಫೋನ್‌ನಲ್ಲೇ ಸಿಗತ್ತಲ್ಲ. ಎಲ್‌ಪಿನೇ ಬೇಕಾ?"

ಬೇಕೇ ಬೇಕು ಅಂತ ಇಲ್ಲ. ಬೇಕಾಗಿರುವುದು ಮೊದಲಿಂದ ಕೊನೆವರೆಗೆ ಕೇಳುವುದು. ಫೋನಿನಲ್ಲಿ ಕೇಳುವವರು ಷಫಲ್ ಆಫ್ ಮಾಡಿ, ಮೆಸೇಜ್ ಸದ್ದು ಬಂದ್ ಮಾಡಿ, ಒಂದೇ ಕೂತಲ್ಲಿ ಕೇಳಿದರೆ ಸಾಕು. ಎಲ್‌ಪಿಯ ಅನುಕೂಲ ಏನೆಂದರೆ ಅದು ನಿಮ್ಮನ್ನು ಕೂರಿಸುತ್ತದೆ. ಹಾಡು ದಾಟಿಸಲು ಎದ್ದು ಹೋಗಬೇಕು, ಆ ಸೋಮಾರಿತನದಲ್ಲಿ ‘ಕೋಮಲ್’ ಕಿವಿಗೆ ಬೀಳುತ್ತದೆ, ಒಂದು ದಿನ ಅದೇ ಇಷ್ಟವಾಗುತ್ತದೆ.

## ಇನ್ನೂ ಆಳಕ್ಕೆ ಹೋಗುವವರಿಗೆ

"ಪಾಕಿಸ್ತಾನದಲ್ಲಿ ಆಗ ಜಿಯಾ ಆಳ್ವಿಕೆ. ಅಂಥ ಕಾಲದಲ್ಲಿ ಇದು ಹೇಗೆ ನಡೀತು?"

ಸೇನಾಧಿಕಾರಿ ಜಿಯಾ ಉಲ್ ಹಕ್ 1977ರಲ್ಲಿ ಅಧಿಕಾರ ಹಿಡಿದು 1988ರಲ್ಲಿ ಸಾಯುವವರೆಗೆ ಇದ್ದರು. ನಾಜಿಯಾ ಜೊಹೇಬ್ ಅವರ ಒಳ್ಳೆಯ ಕಾಲವೆಲ್ಲ ಆ ಹನ್ನೊಂದು ವರ್ಷದ ಒಳಗೇ ಬರುತ್ತದೆ. ಟಿವಿಯಲ್ಲಿ ಹೆಂಗಸರ ಬಟ್ಟೆ, ಕುಣಿತ ಎಲ್ಲದಕ್ಕೂ ಕಟ್ಟುಪಾಡು. ಇವರಿಗೆ ಅನುಕೂಲವಾಗಿದ್ದು ಎರಡು. ಕೆಲಸ ನಡೆದಿದ್ದು ಲಂಡನ್ನಿನಲ್ಲಿ, ಮತ್ತು ಹಾಡು ಮನೆ ಮನೆಗೆ ಹೋಗಿದ್ದು ಕ್ಯಾಸೆಟ್ಟಿನಲ್ಲಿ. ಕ್ಯಾಸೆಟ್ಟನ್ನು ಒಬ್ಬರಿಂದ ಒಬ್ಬರು ನಕಲು ಮಾಡಿಕೊಳ್ಳುವಾಗ ಯಾವ ಸರ್ಕಾರವೂ ಅಡ್ಡ ಬರಲಾಗುವುದಿಲ್ಲ.

ಜಿಯಾ ಹೋದ ಮೇಲೆ, 1989ರಲ್ಲಿ, ಪಾಕಿಸ್ತಾನ ಟಿವಿಯಲ್ಲಿ ಶೋಯಬ್ ಮನ್ಸೂರ್ ಮಾಡಿದ ‘ಮ್ಯೂಸಿಕ್ 89’ ಕಾರ್ಯಕ್ರಮವನ್ನು ಅಕ್ಕ ತಮ್ಮ ಇಬ್ಬರೂ ಸೇರಿ ನಡೆಸಿಕೊಟ್ಟರು. ವೈಟಲ್ ಸೈನ್ಸ್‌ನಂಥ ಹೊಸ ಬ್ಯಾಂಡುಗಳು ಅದರಲ್ಲಿ ಹಾಡಿದವು. ಆ ದೇಶದ ಪಾಪ್ ಸಂಗೀತಕ್ಕೆ ಬಾಗಿಲು ತೆಗೆದವರು ಇವರು ಅಂದರೆ ಹೆಚ್ಚಾಗುವುದಿಲ್ಲ.

"ಇಂಡಿಪಾಪ್, ಅಂದ್ರೆ ಸಿನಿಮಾದ ಹೊರಗಿನ ನಮ್ಮ ಪಾಪ್ ಹಾಡು, ಶುರುವಾಗಿದ್ದೇ ಇದರಿಂದ ಅಂತಾರೆ. ಒಪ್ಪುತ್ತೀರಾ?"

ಪೂರ್ತಿ ಒಪ್ಪುವುದಿಲ್ಲ. ಉಷಾ ಉತ್ತುಪ್ ಇದಕ್ಕೂ ಎಷ್ಟೋ ಮೊದಲೇ ನೈಟ್‌ಕ್ಲಬ್‌ಗಳಲ್ಲಿ ಹಾಡಿ ರೆಕಾರ್ಡ್ ಮಾಡಿದ್ದರು. ಬೆಂಗಳೂರು, ಮುಂಬೈ, ಕೋಲ್ಕತ್ತಾಗಳಲ್ಲಿ ಬ್ಯಾಂಡುಗಳು ಇದ್ದವು, ಬಿದ್ದು ಬಂದಿದ್ದೇ ಅಂಥ ಒಂದು ಬ್ಯಾಂಡಿನಿಂದ. ಆದರೆ ಅವರ ಹಾಡು ಹೆಚ್ಚಾಗಿ ಇಂಗ್ಲಿಷು, ಕೇಳುವವರು ನಗರದ ಒಂದಿಷ್ಟು ಜನ. ನಮ್ಮ ಭಾಷೆಯ ಪಾಪ್ ಹಾಡು ಸಿನಿಮಾದ ಹಂಗಿಲ್ಲದೆ ಊರೂರಿಗೆ ಹೋಗಬಲ್ಲದು ಅಂತ ಕಂಪನಿಗಳಿಗೆ ಲೆಕ್ಕ ಸಮೇತ ತೋರಿಸಿದ್ದು ಈ ಆಲ್ಬಮ್.

ಹದಿನಾಲ್ಕು ವರ್ಷದ ನಂತರ, 1995ರಲ್ಲಿ, ಅಲೀಷಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’ ಬಂದು ಟಿವಿ ಕಾಲದ ಇಂಡಿಪಾಪ್ ಉಕ್ಕಿ ಹರಿಯಿತು. ಅದಕ್ಕೂ ಸಂಗೀತ ಬಿದ್ದು ಅವರದ್ದೇ. ಎರಡು ಸಲ ಬಾಗಿಲು ತೆಗೆದವರು ಒಬ್ಬರೇ, ಅದೂ ನಮ್ಮೂರಿನವರು. ಕನ್ನಡದಲ್ಲಿ ಅವರ ಬಗ್ಗೆ ಬಂದಿರುವುದು ತೀರಾ ಕಡಿಮೆ ಅನ್ನುವುದು ನನ್ನ ದೊಡ್ಡ ಬೇಸರ.

"ಇದು ಇಷ್ಟ ಆಯ್ತು. ಮುಂದೆ ಯಾವುದು ಕೇಳ್ಲಿ?"

1982ರಲ್ಲಿ ‘ಸ್ಟಾರ್’ ಸಿನಿಮಾಕ್ಕೆ ಮಾಡಿದ ಹಾಡುಗಳು, ‘ಬೂಮ್ ಬೂಮ್’ ಅದರದ್ದೇ. ಸಿನಿಮಾ ಓಡಲಿಲ್ಲ, ಹಾಡು ಓಡಿತು. 1984ರಲ್ಲಿ ‘ಯಂಗ್ ತರಂಗ್’, 1987ರಲ್ಲಿ ‘ಹಾಟ್‌ಲೈನ್’, 1992ರಲ್ಲಿ ‘ಕ್ಯಾಮೆರಾ ಕ್ಯಾಮೆರಾ’. ನನ್ನ ಆಯ್ಕೆ ‘ಯಂಗ್ ತರಂಗ್’. ದನಿ ಮಾಗಿದೆ, ಆದರೆ ಮೊದಲಿನ ನೇರ ಸ್ವಭಾವ ಹೋಗಿಲ್ಲ. ಆಮೇಲಿನವುಗಳಲ್ಲಿ ಯಂತ್ರದ ಡ್ರಮ್ ಸದ್ದು ಮುಂದೆ ಬಂದು ದನಿ ಹಿಂದೆ ಸರಿಯುತ್ತದೆ.

"ನಾಜಿಯಾ ಆಮೇಲೆ ಹಾಡೋದು ಯಾಕೆ ಬಿಟ್ರು?"

ಹಾಡುವುದೊಂದೇ ಅವರ ಬದುಕಾಗಿರಲಿಲ್ಲ. ಲಂಡನ್ನಿನಲ್ಲಿ ಓದಿದರು, ಕಾನೂನು ಪದವಿ ಪಡೆದರು, ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದರು. 1992ರ ಆಲ್ಬಮ್ ನಂತರ ಹಿಂದೆ ಸರಿದರು. ಶ್ವಾಸಕೋಶದ ಕ್ಯಾನ್ಸರಿನಿಂದ 2000ದ ಆಗಸ್ಟ್ 13ರಂದು ಲಂಡನ್ನಿನಲ್ಲಿ ತೀರಿಕೊಂಡರು. ಆಗ ಅವರಿಗೆ 35 ವರ್ಷ. 2002ರಲ್ಲಿ ಪಾಕಿಸ್ತಾನ ಸರ್ಕಾರ ಮರಣೋತ್ತರವಾಗಿ ‘ಪ್ರೈಡ್ ಆಫ್ ಪರ್ಫಾರ್ಮೆನ್ಸ್’ ಗೌರವ ಕೊಟ್ಟಿತು.

"ಟೈಟಲ್ ಹಾಡಿನದ್ದೇ ಇನ್ನೊಂದು ಸಲ ಬರೀ ಮ್ಯೂಸಿಕ್ ಇದೆಯಲ್ಲ. ಜಾಗ ತುಂಬಿಸೋಕೆ ಹಾಕಿದ್ರಾ?"

ಆ ಕಾಲದ ಡಿಸ್ಕೋ ರೆಕಾರ್ಡುಗಳಲ್ಲಿ ದನಿ ತೆಗೆದ ಆವೃತ್ತಿ ಹಾಕುವುದು ರೂಢಿ. ಕುಣಿಯುವ ಜಾಗದಲ್ಲಿ ರೆಕಾರ್ಡ್ ಹಾಕುವವರಿಗೆ ಅದು ಬೇಕಾಗುತ್ತಿತ್ತು. ‘ಕುಂಗ್ ಫೂ ಫೈಟಿಂಗ್’ ಹೇಗೆ ಹುಟ್ಟಿತು ಅಂತ ಮೇಲೆ ಹೇಳಿದ್ದೇನೆ, ಬಿದ್ದು ಅವರಿಗೆ ಯಾವುದನ್ನೂ ಜಾಗ ತುಂಬಿಸಲು ಅಂತ ಬಿಡುವ ಅಭ್ಯಾಸ ಇರಲಿಲ್ಲ.

ದನಿ ಇಲ್ಲದಾಗ ಅವರ ಕೆಲಸ ಕೈಗೆ ಸಿಕ್ಕುವಷ್ಟು ಸ್ಪಷ್ಟವಾಗಿ ಕಾಣುತ್ತದೆ. ಮೊದಲ ಸಲ ಬೇಸ್ ಒಂದನ್ನೇ ಹಿಡಿದು ಕೇಳಿ, ಇಡೀ ಹಾಡನ್ನು ಎಳೆದುಕೊಂಡು ಹೋಗುತ್ತಿರುವುದು ಅದೇ. ಎರಡನೇ ಸಲ ಡ್ರಮ್ಮಿನ ಕಾಲೇಟು ಎಣಿಸಿ, ಒಂದೂ ತಪ್ಪುವುದಿಲ್ಲ. ಮೂರನೇ ಸಲ ನೀವೇ ಹಾಡಿಕೊಳ್ಳಿ. ರಾಗ ಕಿರಿದು ಅಂದೆನಲ್ಲ, ಯಾರ ಗಂಟಲಿಗೂ ಕಷ್ಟವಾಗುವುದಿಲ್ಲ.